ಫೋಟೊದ ಅಂಚಿನಲ್ಲೊಂದು ಕೈ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ನಾನು ಪಡುತ್ತೇನೆ. ಕಳೆದ ತಿಂಗಳು ಹಲಗೂರಿನಲ್ಲಿ ಅವರನ್ನು ಮಣ್ಣು ಮಾಡುವಾಗ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಫೋಟೊಗ್ರಾಫರುಗಳು ಬಂದು ನಿಂತಿದ್ದರು. ಮದುವೆ ಸೀಸನ್ನು, ಅದರಲ್ಲೂ ಒಳ್ಳೆಯ ಮುಹೂರ್ತದ ದಿನ. ಆದರೂ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓಡಿ ಬಂದಿದ್ದರು. ನಾನು ಅಳುವುದನ್ನು ಬಿಟ್ಟು, ನಾನು ಸತ್ತರೆ ಇವರಲ್ಲಿ ಯಾರ್ಯಾರು ಬರಬಹುದು ಅಂತ ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತಿದ್ದೆ. ಬೆಸಗರಹಳ್ಳಿಯವನು ಬಂದಾನು, ಅವನದೊಂದು ಆಲ್ಬಂ ನನ್ನ ಹತ್ತಿರ ಬಾಕಿ ಇದೆ. ಮಿಕ್ಕವರು ಅನುಮಾನ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರ ಹೆಸರು ಕೇಳಿ ಕೇಳಿ ನನ್ನ ಕಿವಿ ಸವೆದಿದೆ, ಸತ್ತ ಮೇಲೂ ನಾನೇ ಪ್ರಚಾರ ಕೊಡಬೇಕೇನು? ‘ಅವಳು’ ಅಂತ ಬರೆಯಲು ಕೂಡ ಕೈ ತುರಿಸುತ್ತದೆ. ಆದರೆ ವಯಸ್ಸಿನಲ್ಲಿ ದೊಡ್ಡವರು, ಎಲ್ಲರೂ ಅಕ್ಕ ಅನ್ನುತ್ತಿದ್ದರು, ನಾನೂ ಅಕ್ಕ ಅಂತಲೇ ಅನ್ನುತ್ತಿದ್ದೆ. ಹಾಗಾಗಿ ಅಕ್ಕ ಅಂತಲೇ ಇರಲಿ.

ಮಂಡ್ಯ ಪೇಟೆಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಫೋಟೊ ಲ್ಯಾಬು. ಮುಂದಿನ ಕೋಣೆಯಲ್ಲಿ ಮಾಲೀಕರು, ಪ್ರಿಂಟು ಹಾಕುವ ಯಂತ್ರ. ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಬೆಳಕು ಬಿದ್ದರೆ ಬಣ್ಣ ತಪ್ಪಾಗಿ ಕಾಣುತ್ತದೆ ಅಂತ ಇದ್ದ ಒಂದು ಕಿಟಕಿಗೂ ಅಕ್ಕನೇ ಹಲಗೆ ಹೊಡೆಸಿದ್ದರು. ಅಲ್ಲಿ ಎರಡು ಕಂಪ್ಯೂಟರು, ಒಂದು ಅವರದು, ಪಕ್ಕದ್ದು ನನ್ನದು. ಸುತ್ತಮುತ್ತಲ ಊರುಗಳ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊಗಳೆಲ್ಲ ಕಾರ್ಡುಗಳಲ್ಲಿ, ಹಾರ್ಡ್ ಡಿಸ್ಕುಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ಬರುವುದು ರಾ ಫೈಲು, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ತುಂಬಿಕೊಂಡ ಹಸಿ ಫೋಟೊ. ಬೆಳಕು, ಬಣ್ಣ, ಅಳತೆ ಎಲ್ಲವನ್ನೂ ಆಮೇಲೆ ನಾವು ಕೂತು ಸರಿಮಾಡಬೇಕು. ನಾನು ಕೆಲಸಕ್ಕೆ ಸೇರಿದ ದಿನ ಅಕ್ಕ ಅದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

“ಫೋನಲ್ಲಿ ತೆಗಿತೀಯಲ್ಲ, ಅದು ತಿರುವಿ ತಟ್ಟೆಗಾಕಿದ ಮುದ್ದೆ ಕಣಮ್ಮಿ. ಇದು ರಾಗಿ ಇಟ್ಟು. ಗಂಟಾದ್ರೆ ನಿನ್ ತಪ್ಪು, ಇಟ್ಟಿನ್ ತಪ್ಪಲ್ಲ.”

ಇಷ್ಟೇ ಅವರು ನನಗೆ ಕಲಿಸಿದ್ದು. ಮಿಕ್ಕಿದ್ದೆಲ್ಲ ನಾನು ಓರೆಗಣ್ಣಿನಲ್ಲಿ ಕದ್ದು ನೋಡಿ ಕಲಿತದ್ದು. ಅದಕ್ಕೂ ಅವರು ಬಿಡುತ್ತಿರಲಿಲ್ಲ. ಬೆಳಕು, ಬಣ್ಣ ಏರಿಸಿ ಇಳಿಸುವ ಯಾವ ಸ್ಲೈಡರನ್ನು ಎಷ್ಟು ಎಳೆದರು ಅಂತ ತೋರಿಸುವ ಪಟ್ಟಿ ಪರದೆಯ ಬಲಗಡೆ ಇರುತ್ತದಲ್ಲ, ಯಾರಾದರೂ ಹತ್ತಿರ ಬಂದ ತಕ್ಷಣ ಒಂದು ಕೀ ಒತ್ತಿ ಅದನ್ನು ಮುಚ್ಚಿಬಿಡುತ್ತಿದ್ದರು. ಕೆಲಸ ಮುಗಿದ ಹಾರ್ಡ್ ಡಿಸ್ಕನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ. ಬೀಗದ ಕೈ ತಾಳಿಯ ಜೊತೆ ಕೊರಳಲ್ಲಿ. ಒಂದೊಂದು ಸಲ ಯುಪಿಎಸ್ ಕೈಕೊಟ್ಟು ಕರೆಂಟು ಹೋಗಿ ಪರದೆ ಕಪ್ಪಾದಾಗ ಅದರಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು, ಕತ್ತು ನೆಟ್ಟಗಿದ್ದು ಕಣ್ಣು ಮಾತ್ರ ಅವರ ಕಡೆಗೆ. ಅದೇ ಪರದೆಯಲ್ಲಿ ಅವರಿಗೂ ಕಾಣುತ್ತಿತ್ತೇನೋ.

“ಕರೆಂಟೋದ್ರೂವೆ ನನ್ ಕಡೆಗೇ ನೋಡ್ತೀಯಲ್ಲಮ್ಮಿ. ನಿನ್ ಕಣ್ಣು ತಾಕಿ ನನ್ ಮಾನಿಟರು ಸುಟ್ಟೋಯ್ತದೆ ಒಂದಿನ.”

“ಸುಟ್ಟೋಗ್ಲಿ ಬುಡಕ್ಕ, ಒಸದು ಕೊಡುಸ್ತಾರೆ,” ಅನ್ನುತ್ತಿದ್ದೆ ನಾನು. ಅವರು ಜೋರಾಗಿ ನಕ್ಕು, ನನ್ನ ಡಬ್ಬಿ ತೆರೆದು ಒಂದು ತುತ್ತು ತಿಂದು, ಉಪ್ಪು ಕಡಿಮೆ ಅಂತ ಹೇಳಿ ಮುಚ್ಚಿಡುತ್ತಿದ್ದರು. ನಮ್ಮಮ್ಮನ ಅಡುಗೆಗೆ ಉಪ್ಪು ಕಡಿಮೆಯಾದದ್ದನ್ನು ನಮ್ಮೂರು ದುದ್ದದಲ್ಲಿ ಯಾರೂ ಕಂಡಿಲ್ಲ.

ಉಪ್ಪಿನ ವಿಷಯ ಬಂತಲ್ಲ, ಅವರ ಹೆಸರಾದದ್ದೇ ಉಪ್ಪಿನಿಂದ. ಬಣ್ಣ ಸರಿಮಾಡಲು ಫೋಟೊದಲ್ಲಿ ನಿಜವಾಗಿ ಬೆಳ್ಳಗಿರುವ ಒಂದು ವಸ್ತುವನ್ನು ಹುಡುಕಿ, ‘ಇದು ಬಿಳಿ’ ಅಂತ ಸಾಫ್ಟ್‌ವೇರಿಗೆ ತೋರಿಸಬೇಕು. ಆಗ ಮಿಕ್ಕ ಬಣ್ಣಗಳು ತಾವಾಗಿ ತಮ್ಮ ಜಾಗಕ್ಕೆ ಬರುತ್ತವೆ. ಎಲ್ಲರೂ ಗಂಡಿನ ಪಂಚೆಯನ್ನು ತೋರಿಸುತ್ತಾರೆ. ಅಕ್ಕ ತೋರಿಸುತ್ತಿರಲಿಲ್ಲ. “ಪಂಚೆ ಸುಳ್ಳೇಳ್ತದೆ, ನೀಲಿ ಆಕಿ ಒಗ್ದಿರ್ತರೆ. ಉಪ್ಪು ಸುಳ್ಳೇಳಾಕಿಲ್ಲ,” ಅನ್ನುತ್ತಿದ್ದರು. ಊಟದ ಎಲೆಯ ತುದಿಯಲ್ಲಿ ಬಡಿಸಿದ ಉಪ್ಪು! ಫೋಟೊಗ್ರಾಫರುಗಳಿಗೆಲ್ಲ ಅವರ ಅಪ್ಪಣೆಯಾಗಿತ್ತು, ಮಂಟಪದ ದೀಪದ ಕೆಳಗೊಂದು, ಊಟದ ಹಾಲಿನಲ್ಲೊಂದು, ಶಾಮಿಯಾನದ ಕೆಳಗೊಂದು, ಎಲೆ ಇಟ್ಟು ಉಪ್ಪು ಹಾಕಿ ಫೋಟೊ ಹೊಡೆಯಬೇಕು. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತ ಗಂಡಸರು ಧಾರೆಗೆ ಮುಂಚೆ ಮಂಟಪದಲ್ಲಿ ಬಾಳೆಲೆ ಚೂರಿನ ಮೇಲೆ ಉಪ್ಪು ಇಟ್ಟುಕೊಂಡು ಬಗ್ಗಿ ನಿಂತಿರುವುದನ್ನು ನೋಡಿ ಬೀಗರ ಕಡೆಯವರು ಯಾವುದೋ ದೃಷ್ಟಿ ತೆಗೆಯುವ ಶಾಸ್ತ್ರ ಅಂದುಕೊಳ್ಳುತ್ತಿದ್ದರು.

ನಾನೂ ಅದೇ ಉಪ್ಪನ್ನು ತೋರಿಸಿ ಮಾಡುತ್ತಿದ್ದೆ. ಅದೇ ಸಾಫ್ಟ್‌ವೇರು, ಅದೇ ಉಪ್ಪು. ನನ್ನ ಫೋಟೊ ಆಸ್ಪತ್ರೆಯ ಗೋಡೆಯ ಹಾಗೆ ಸ್ವಚ್ಛವಾಗಿರುತ್ತಿತ್ತು. ಅವರದರಲ್ಲಿ ಜನ ಉಸಿರಾಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಅಕ್ಕ, ಉಪ್ಪಾದ್ಮೇಲೆ ಇನ್ನೇನ್ ಮಾಡ್ತೀಯ?”

“ಬಣ್ಣ ಪೂರ್ತಿ ತೊಳೆದ್ಮೇಲೆ ಚೂರು ವಾಪಸ್ ಬುಡ್ತೀನಿ. ಸಾಮಿಯಾನದ್ ಕೆಳಗೆ ಕೂತಿದ್ರು ಅಂತ ಗೊತ್ತಾಗ್ಬ್ಯಾಡ್ವಾ?”

“ಚೂರು ಅಂದ್ರೆ ಎಷ್ಟು?”

“ಚೂರು ಅಂದ್ರೆ ಚೂರು ಕಣಮ್ಮಿ. ಒಗ್ಗರಣೆಗೆ ಸಾಸ್ವೆ ಎಣಿಸ್ಕಂಡ್ ಆಕೀಯಾ?”

ನನಗೆ ಅಂಕಿ ಬೇಕಿತ್ತು, ಅವರು ಸಾಸಿವೆ ಕೊಟ್ಟರು. ಆ ದಿನ ಬಸ್ಸಿನಲ್ಲಿ ದುದ್ದ ತಲುಪುವವರೆಗೂ ಹಲ್ಲು ಕಡಿಯುತ್ತ ಕೂತಿದ್ದೆ. ಆದರೆ ಒಂದು ಮಾತು ಹೇಳಬೇಕು, ಬಸ್ಸಿಳಿದ ಮೇಲೆ ನಾನು ಯಾವುದನ್ನೂ ಮನೆಗೆ ಹೊತ್ತುಕೊಂಡು ಹೋಗುವವಳಲ್ಲ. ಉಂಡೆ, ಮಲಗಿದೆ, ಗೊರಕೆ ಹೊಡೆದೆ.

ಅವರ ಇನ್ನೊಂದು ಕಟ್ಟುನಿಟ್ಟು ಕೈಗಳ ಬಗ್ಗೆ. ಫೋಟೊದ ಅಂಚನ್ನು ಕತ್ತರಿಸಿ ಅಳತೆಗೆ ತರುತ್ತೇವಲ್ಲ, ಕ್ರಾಪು, ಆಗ ಯಾರ ಕೈಯೂ ಅರ್ಧಕ್ಕೆ ಕತ್ತರಿಸಬಾರದು. ನಾನು ಒಂದು ಸಲ ನಾಮಕರಣದ ಫೋಟೊದಲ್ಲಿ ಸೋದರತ್ತೆಯ ಮೊಣಕೈ ಹಾರಿಸಿದ್ದಕ್ಕೆ ಮಾಲೀಕರ ಎದುರಿಗೇ ಉಗಿದರು.

“ಇಟ್ಕಂಡ್ರೆ ಪೂರ್ತಿ ಇಟ್ಕೊ, ತೆಗುದ್ರೆ ಪೂರ್ತಿ ತೆಗಿ. ಅರ್ಧ ಕೈ ಬುಟ್ರೆ ನೋಡೋರು ಮಗೀನ್ ಮಕ ನೋಡಾಕಿಲ್ಲ, ಆ ಕೈ ಯಾರ್ದು ಅಂತ ಉಡುಕ್ತಾ ಕೂತ್ಕತ್ತರೆ.”

ಮಾಲೀಕರು ತಲೆಯಾಡಿಸಿದರು. ಅವರು ಅಕ್ಕ ಏನಂದರೂ ತಲೆಯಾಡಿಸುತ್ತಿದ್ದರು.

ಅದಕ್ಕೇ, ಮಾಲೀಕರು ತಾನೇ ಎಲ್ಲ ಮಾಡುವ ಹೊಸ ಸಾಫ್ಟ್‌ವೇರು ತರಿಸಿದಾಗ ಕೋಣೆಯಲ್ಲಿ ಕುಣಿಯುವಷ್ಟು ಖುಷಿಯಾದದ್ದು ನನಗೊಬ್ಬಳಿಗೆ. ಇಡೀ ಮದುವೆಯನ್ನು ಒಳಗೆ ಸುರಿದು ಒಂದು ಬಟನ್ ಒತ್ತಿದರೆ ಆಯಿತು. ಇನ್ನು ಉಪ್ಪೂ ಬೇಡ ಸಾಸಿವೆಯೂ ಬೇಡ, ಅಕ್ಕನೂ ಒಂದೇ ನಾನೂ ಒಂದೇ! ಮೊದಲು ಹಾಕಿದ್ದು ಮಳವಳ್ಳಿ ಕಡೆಯ ಒಂದು ಅರಿಶಿನ ಶಾಸ್ತ್ರ. ಆ ಸಾಫ್ಟ್‌ವೇರಿಗೆ ಅರಿಶಿನ ಶಾಸ್ತ್ರ ಅಂದರೆ ಏನು ಗೊತ್ತು? ಇಷ್ಟೊಂದು ಹಳದಿ ಮುಖಗಳನ್ನು ಕಂಡು, ಏನೋ ಕೆಟ್ಟಿದೆ ಅಂದುಕೊಂಡು, ಹಳದಿಯನ್ನೆಲ್ಲ ಒರೆಸಿ ಹಾಕಿತ್ತು. ಮದುವಣಗಿತ್ತಿ, ಅವಳ ತಾಯಿ, ಅರಿಶಿನ ಹಚ್ಚುವ ಮುತ್ತೈದೆಯರು ಎಲ್ಲರೂ ಸುಣ್ಣ ಬಳಿದುಕೊಂಡವರಂತೆ ನಗುತ್ತಿದ್ದರು. ಪ್ರಿಂಟು ನೋಡಿದ ತಾಯಿ ಲ್ಯಾಬಿಗೇ ಬಂದು ಮೆಟ್ಟಿಲ ಮೇಲಿಂದಲೇ ಶುರುಮಾಡಿದರು.

“ನನ್ ಮಗಳ ಅರಿಸಿಣ ಎಲ್ಲೋಯ್ತು? ಮೈ ತುಂಬ ಬಳ್ದಿವ್ನಿ, ಎಲ್ಲೋಯ್ತು ಏಳಿ!”

ಅಕ್ಕ ಎದ್ದು ಹೋಗಿ ಆಕೆಯ ಕೈ ಹಿಡಿದು ಒಳಗೆ ಕರೆತಂದು ತಮ್ಮ ಕುರ್ಚಿಯ ಪಕ್ಕ ಕೂರಿಸಿಕೊಂಡರು. “ಎಲ್ಲೂ ಓಗಿಲ್ಲ ಕಣವ್ವ, ಒಳ್ಗೇ ಅದೆ. ರಾ ಫೈಲಲ್ಲಿ ಏನೂ ಓಗಾಕಿಲ್ಲ. ನಾವ್ ಮ್ಯಾಲೆ ಏನೇ ಬಳುದ್ರೂ ಅಡೀಲಿ ಇದ್ದಂಗೇ ಇರ್ತದೆ. ನೋಡ್ತಿರು,” ಅಂತ ರೀಸೆಟ್ ಒತ್ತಿದರು. ಅರಿಶಿನ ಒಮ್ಮೆಲೆ ವಾಪಸ್ ಬಂತು. ಆ ತಾಯಿ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿ, ಅಕ್ಕನ ತಲೆ ಸವರಿ, ಕಣ್ಣೊರೆಸಿಕೊಂಡು ಹೋದರು. ನಾನು ಪಕ್ಕದಲ್ಲೇ ಇದ್ದೆ. ನನಗೂ ರೀಸೆಟ್ ಬಟನ್ ಎಲ್ಲಿದೆ ಅಂತ ಗೊತ್ತಿತ್ತು. ನನ್ನ ತಲೆಯನ್ನು ಯಾರೂ ಸವರಲಿಲ್ಲ.

ಇಷ್ಟೆಲ್ಲ ಇದ್ದ ಹೆಂಗಸು ಸುಖವಾಗಿದ್ದರೇ ಅಂತ ಕೇಳಿದರೆ, ಇರಲಿಲ್ಲ. ಎಲ್ಲಿ ಹೋದರೂ ಅವರ ಕಣ್ಣು ಕೆಲಸ ಬಿಡುತ್ತಿರಲಿಲ್ಲ. ಹೋಟೆಲಿನ ಟ್ಯೂಬ್‌ಲೈಟಿನ ಕೆಳಗೆ ಅವರಿಗೆ ಮಸಾಲೆ ದೋಸೆ ಹಸಿರಾಗಿ ಕಾಣುತ್ತಿತ್ತು. ಬಸ್ಸಿನ ನೀಲಿ ಗಾಜಿನ ಹಿಂದೆ ಕೂತವರೆಲ್ಲ ಕಾಯಿಲೆಯವರಂತೆ ಕಾಣುತ್ತಿದ್ದರು. ಹಲಗೂರಿನಿಂದ ಮಳವಳ್ಳಿ, ಅಲ್ಲಿಂದ ಮಂಡ್ಯ, ಎರಡು ಬಸ್ಸು ಹತ್ತಿ ಬರುವಷ್ಟರಲ್ಲಿ ಎಲ್ಲರ ಮುಖವನ್ನೂ ಮನಸ್ಸಿನಲ್ಲೇ ಸರಿಮಾಡಿ ಸುಸ್ತಾಗಿರುತ್ತಿದ್ದರು. ನಿದ್ದೆ ಬರಲ್ಲ ಅನ್ನುತ್ತಿದ್ದರು, ಬಿ.ಪಿ. ಮಾತ್ರೆ ನುಂಗುತ್ತಿದ್ದರು. ನಾನು ಸಂಜೆ ಚೀಲ ಹೆಗಲಿಗೆ ಹಾಕಿದಾಗೆಲ್ಲ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

“ಪುಣ್ಯವಂತೆ ಕಣಮ್ಮಿ ನೀನು. ಉಣ್ತೀಯ, ಮನಿಕ್ಕತೀಯ.”

ಎಮ್ಮೆ ಅಂತ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ಹಾಗಂತ ನಾನು ತಿಳಿದುಕೊಂಡೆ, ಉರಿದುಕೊಂಡೆ.

ಆಮೇಲೆ ನನ್ನ ಮದುವೆ. ಗಂಡು ಮದ್ದೂರಿನವನು. ಫೋಟೊ ತೆಗೆದವನು ಅದೇ ಬೆಸಗರಹಳ್ಳಿಯವನು. ನನ್ನ ಮದುವೆಯ ಆಲ್ಬಂ ನಾನೇ ಮಾಡಬೇಕು, ಎಲ್ಲರಿಗೂ ತೋರಿಸಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಅಂದರೆ, ಸೀರೆ ಆರಿಸುವಾಗಲೂ ಯಾವ ಬಣ್ಣ ರಾ ಫೈಲಿನಲ್ಲಿ ಚೆನ್ನಾಗಿ ಏಳುತ್ತದೆ ಅಂತ ಯೋಚಿಸಿದ್ದೆ. ಮದುವೆ ಮುಗಿಸಿ ರಜೆಯಿಂದ ಬರುವಷ್ಟರಲ್ಲಿ ಆ ಪುಣ್ಯಾತ್ಮ ಕಾರ್ಡನ್ನು ನೇರ ಅಕ್ಕನ ಕೈಗೆ ಕೊಟ್ಟಿದ್ದ. “ನಿನ್ ಮದ್ವೇದಲ್ವಾ, ಸ್ಪೆಸಲ್ಲಾಗಿರ್ಲಿ ಅಂತ ಅಕ್ಕಂಗೆ ಕೊಟ್ಟೆ,” ಅಂತ ನನ್ನೆದುರಿಗೇ ಹಲ್ಲು ಕಿರಿದ. ಅವನನ್ನು ಅಲ್ಲೇ ಮೆಟ್ಟಿಲಿಂದ ತಳ್ಳಬೇಕಿತ್ತು.

ಆಲ್ಬಂ ಬಂತು. ಹೇಳಲು ಹೊಟ್ಟೆ ಉರಿಯುತ್ತದೆ, ಚೆನ್ನಾಗಿತ್ತು. ಅದರಲ್ಲೂ ಬೀಗರ ಊಟದ ಒಂದು ಫೋಟೊ. ಗುಲಾಬಿ ಶಾಮಿಯಾನದ ಕೆಳಗೆ ಎಲೆಯ ಮುಂದೆ ಕೂತು, ಕೈಯಲ್ಲಿ ಮುದ್ದೆ, ಬಾಯಿ ತುಂಬ ತುತ್ತು, ಯಾರೋ ಏನೋ ಅಂದದ್ದಕ್ಕೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದೇನೆ. ಪುಟದ ತುಂಬ ನಾನೇ. ಮುಖದ ಮೇಲೆ ಶಾಮಿಯಾನದ ಗುಲಾಬಿ ಚೂರೇ ಚೂರು ಉಳಿದಿದೆ. ನಮ್ಮತ್ತೆ ಅದನ್ನು ದೊಡ್ಡದು ಮಾಡಿಸಿ ಹಜಾರದಲ್ಲಿ ನೇತು ಹಾಕಿದರು. ಬಂದವರೆಲ್ಲ “ಎಷ್ಟು ಚೆನ್ನಾಗದೆ! ಯಾರು ಮಾಡಿದ್ದು?” ಅಂತ ಕೇಳುತ್ತಾರೆ. ನನ್ನ ಮನೆಯ ಗೋಡೆಯ ಮೇಲೆ ನನ್ನ ಮುಖ, ಹೊಗಳಿಕೆ ಮಾತ್ರ ಅವರಿಗೆ.

ಆದರೆ ಆ ಫೋಟೊದಲ್ಲಿ ನಾನೊಂದು ಹುಳುಕು ಕಂಡುಹಿಡಿದೆ. ಎಡಗಡೆಯ ಅಂಚಿನಲ್ಲಿ, ನನ್ನ ಎಲೆಯ ಹತ್ತಿರ, ಯಾರದೋ ಬೆರಳುಗಳು. ಬೆರಳುಗಳಷ್ಟೇ, ಮಿಕ್ಕ ಕೈ ಕ್ರಾಪಿನಲ್ಲಿ ಹೋಗಿದೆ. ಬಡಿಸುವವರದ್ದಿರಬೇಕು, ಆ ಗದ್ದಲದಲ್ಲಿ ಯಾರು ಬಂದರು ಯಾರು ಕೂತರು ನನಗೆ ನೆನಪಿಲ್ಲ. ಕೈ ಕತ್ತರಿಸಬೇಡ ಅಂತ ನನ್ನನ್ನು ಮಾಲೀಕರ ಎದುರಿಗೆ ಉಗಿದ ಮಹಾತಾಯಿ ತಾವೇ ಕತ್ತರಿಸಿದ್ದಾರೆ! ನನಗಾದ ಸಂತೋಷ ಮದುವೆಯಾದದ್ದಕ್ಕೂ ಆಗಿರಲಿಲ್ಲ. ಮಾರನೆಯ ದಿನ ಮಾಲೀಕರು ಒಳಗೆ ಬರುವವರೆಗೂ ಕಾದಿದ್ದು ಹೇಳಿದೆ.

“ಅಕ್ಕ, ಊಟದ್ ಫೋಟೊದಾಗೆ ಯಾರ್ದೋ ಕೈ ಕಟ್ಟಾಗದೆ.”

ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಪರದೆಯಿಂದ ಕಣ್ಣು ತೆಗೆಯದೆ “ಆಗ್ಲಿ ಬುಡು,” ಅಂದರು. ಅಷ್ಟೇ. ಅಲ್ಲಿಂದಾಚೆ ಅವರ ಮೇಲೆ ಸಿಟ್ಟು ಬಂದಾಗೆಲ್ಲ ನಾನು ಗೋಡೆಯ ಮೇಲಿನ ಆ ಬೆರಳುಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದ ಅಕ್ಕ ಬಿದ್ದರಂತೆ. ಮತ್ತೆ ಏಳಲಿಲ್ಲ. ತಿಥಿಗೆ ಮುಂಚೆ ಹಲಗೂರು ಬಸ್ ಸ್ಟಾಪಿನಲ್ಲಿ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಬೇಕು ಅಂತ ಮಾಲೀಕರು ಫೋಟೊ ಹುಡುಕಿದರೆ ಒಂದೂ ಸರಿಯಾದದ್ದು ಸಿಗಲಿಲ್ಲ. ಮನೆಯವರು ಕೊಟ್ಟದ್ದು ಆಧಾರ್ ಕಾರ್ಡಿನದು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದ ಹೆಂಗಸು.

“ನಿನ್ ಮದ್ವೆಗೆ ಬಂದಿದ್ರಲ್ಲಮ್ಮ, ಅದ್ರಲ್ಲಿ ಇರ್ಬೇಕು ನೋಡು,” ಅಂತ ಮಾಲೀಕರು ಮನೆಯವರು ಕೊಟ್ಟ ಬೀಗದ ಕೈಯನ್ನು ನನ್ನ ಕೈಗಿಟ್ಟರು.

ಹಾಗೆ ಆ ಡ್ರಾಯರು ನನ್ನೆದುರು ತೆರೆಯಿತು. ನನ್ನ ಮದುವೆಯ ಡಿಸ್ಕು ಹಾಕಿದೆ. ಸುಳ್ಳು ಯಾಕೆ ಹೇಳಲಿ, ಅವರ ಮುಖ ಹುಡುಕುವುದಕ್ಕೆ ಮುಂಚೆ ನಾನು ನೋಡಿದ್ದು ಬಲಗಡೆಯ ಪಟ್ಟಿಯನ್ನು. ಇಷ್ಟು ವರ್ಷ ಮುಚ್ಚಿಟ್ಟುಕೊಂಡ ಸ್ಲೈಡರುಗಳು. ಏನೂ ಇರಲಿಲ್ಲ! ಉಪ್ಪಿನಿಂದ ತೆಗೆದ ಬಿಳಿ, ಅಲ್ಲಿಂದ ಒಂಚೂರು ಗುಲಾಬಿಯ ಕಡೆಗೆ ಜರುಗಿಸಿದ್ದು, ಮಿಕ್ಕವೆಲ್ಲ ಸೊನ್ನೆಯ ಆಸುಪಾಸು. ಅದರ ಅಂಕಿಗಳನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕೆ ಬೀಗವೇ?

ಬೀಗರ ಊಟದ ಫೋಟೊ ತೆರೆದೆ. ಕಣ್ಣು ಅಭ್ಯಾಸದಂತೆ ಅಂಚಿನ ಬೆರಳುಗಳಿಗೆ ಹೋಯಿತು. ರೀಸೆಟ್ ಒತ್ತಿದೆ.

ತಿದ್ದಿದ್ದ ಬಣ್ಣ ಹೋಗಿ ಎಲ್ಲ ಗುಲಾಬಿಯಾಯಿತು. ಕ್ರಾಪು ಬಿಚ್ಚಿಕೊಂಡು ಫೋಟೊ ಎಡಗಡೆಗೆ ಅಗಲವಾಯಿತು. ಬೆರಳುಗಳಿಗೆ ಅಂಗೈ ಬಂತು, ಮಣಿಕಟ್ಟು ಬಂತು, ಬಳೆ ಬಂತು, ಅದರಾಚೆ ಅಕ್ಕ ಬಂದರು. ನನ್ನ ಪಕ್ಕದ ಎಲೆಯಲ್ಲೇ ಕೂತಿದ್ದಾರೆ. ತಮ್ಮ ಎಲೆಯಲ್ಲಿ ಒಂದು ತುತ್ತೂ ಉಂಡಿಲ್ಲ, ತುದಿಯಲ್ಲಿ ಉಪ್ಪು ಹಾಗೇ ಇದೆ. ತಮ್ಮ ಎಲೆಯ ಮಟನ್ ಚೂರನ್ನು ನನ್ನ ಎಲೆಗೆ ಹಾಕುತ್ತಿದ್ದಾರೆ, ಆದರೆ ಕಣ್ಣು ಕೈಯ ಮೇಲಿಲ್ಲ. ಕತ್ತು ನೆಟ್ಟಗೆ ಇದೆ, ಕಣ್ಣು ಮಾತ್ರ ಓರೆಯಾಗಿ ನನ್ನ ಕಡೆಗೆ. ಬಾಯಿ ತುಂಬ ತುಂಬಿಕೊಂಡು ನಗುತ್ತಿರುವ ನನ್ನ ಮುಖದ ಕಡೆಗೆ.

ಆ ನೋಟ ನನಗೆ ಗೊತ್ತಾಗದೆ ಇರುತ್ತದೆಯೇ? ಕರೆಂಟು ಹೋದ ಪರದೆಯಲ್ಲಿ ಎಷ್ಟು ಸಲ ನೋಡಿದ್ದೇನೆ. ಅದು ಹೊಟ್ಟೆಕಿಚ್ಚು. ಅಪ್ಪಟ ಹೊಟ್ಟೆಕಿಚ್ಚು. ಉಣ್ತೀಯ, ಮನಿಕ್ಕತೀಯ ಅಂದದ್ದು ಬೈಗುಳವಾಗಿರಲಿಲ್ಲ.

ತಮ್ಮನ್ನು ಪೂರ್ತಿ ತೆಗೆಯಬಹುದಿತ್ತು. ಬೆರಳು ಮರೆತರು ಅನ್ನೋಣವೆಂದರೆ ಮರೆಯುವ ಹೆಂಗಸಲ್ಲ. ನಾನು ಕುರ್ಚಿಯಲ್ಲಿ ಕೂತು ಅತ್ತೆ, ಅಳುತ್ತಲೇ ಅವರನ್ನು ಬೈದೆ. ಬದುಕಿದ್ದಾಗ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಗಂಟು ಹೋಗುತ್ತಿತ್ತಾ? ಹೇಳಿದ್ದರೆ ನಾನೂ ಹೇಳುತ್ತಿದ್ದೆ.

ಆಮೇಲೆ ಒಂದು ಕಾಪಿ ಮಾಡಿಕೊಂಡು ಕೆಲಸ ಶುರುಮಾಡಿದೆ. ಅವರ ಎಲೆಯ ಉಪ್ಪನ್ನೇ ಬಿಳಿ ಅಂತ ತೋರಿಸಿದೆ. ಬಣ್ಣ ಪೂರ್ತಿ ತೊಳೆದುಹೋಯಿತು. ಅವರ ಅಂಕಿ ಎದುರಿಗೇ ಇತ್ತು, ಹಾಕಲಿಲ್ಲ. ಮುಖ ನೋಡಿಕೊಂಡು ಶಾಮಿಯಾನದ ಗುಲಾಬಿಯನ್ನು ಚೂರು ವಾಪಸ್ ಬಿಟ್ಟೆ. ಕ್ರಾಪನ್ನು ಈ ಸಲ ಅವರ ಕಡೆಗೆ ಎಳೆದು, ನನ್ನನ್ನು ಹೊರಗೆ ಹಾಕಿದೆ. ಬಲಗಡೆಯ ಅಂಚಿನಲ್ಲಿ ಮುದ್ದೆ ಹಿಡಿದ ನನ್ನ ಕೈ ಅರ್ಧ ಉಳಿಯಿತು. ಉಳಿಯಲಿ ಅಂತ ಬಿಟ್ಟೆ.

“ನೆಟ್ಟಗೆ ನೋಡ್ತಿರೋದು ಬ್ಯಾರೆ ಯಾವ್ದೂ ಸಿಗ್ನಿಲ್ವಾ?” ಅಂತ ಮಾಲೀಕರು ರಾಗ ಎಳೆದರು. ಇಲ್ಲ, ಇದೇ ಹೋಗಬೇಕು ಅಂದೆ. ಜೀವನದಲ್ಲಿ ಮೊದಲ ಸಲ ಅವರು ನನ್ನ ಮಾತಿಗೆ ತಲೆಯಾಡಿಸಿದರು.

ತಿಥಿಯ ದಿನ ಹಲಗೂರಿನಲ್ಲಿ ಬಸ್ಸಿಳಿದರೆ ಎದುರಿಗೇ ಫ್ಲೆಕ್ಸು. ಕೆಳಗೆ ಫೋಟೊಗ್ರಾಫರುಗಳ ಗುಂಪು. “ಏನ್ ಪ್ರೀತಿ ನೋಡ್ಲಾ ಕಣ್ಣಾಗೆ,” ಅಂತ ಒಬ್ಬ ಮೂಗೊರೆಸಿಕೊಳ್ಳುತ್ತಿದ್ದ. ಪ್ರೀತಿಯಂತೆ! ಬೆಸಗರಹಳ್ಳಿಯವನು ನನ್ನನ್ನು ಕಂಡು ಹತ್ತಿರ ಬಂದ.

“ಅಕ್ಕನೇ ಮಾಡಿಟ್ಟೋಗಿರ್ಬೇಕು ಕಣಮ್ಮ ಇದ. ಈ ಕಲರು ಬ್ಯಾರೆ ಯಾರ್ಗೂ ಬರಾಕಿಲ್ಲ ಬುಡು.”

ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ, ಅದನ್ನೂ ಆಯಮ್ಮನ ಲೆಕ್ಕಕ್ಕೇ ಬರೆದುಬಿಟ್ಟ. ಅವನು ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಫ್ಲೆಕ್ಸಿನ ಬಲಗಡೆಯ ಅಂಚನ್ನೇ ನೋಡತೊಡಗಿದ.

“ಅಲ್ಲ, ಅಕ್ಕ ಯಾವತ್ತೂ ಇಂಗೆ ಮಾಡ್ದೋಳಲ್ಲ. ನೋಡು, ಕೈ ಕಟ್ಟಾಗದೆ. ಯಾರ್ದು ಆ ಕೈ?”

“ನಂದು,” ಅಂದೆ.